ನಿಮ್ಮ ಪ್ರಶ್ನೆಯೊಳಗೇ ಉತ್ತರ ಇದೆಯೇ?

ಮಗು ಅಳುತ್ತಾ ಮನೆಗೆ ಬರುತ್ತದೆ. ಕೈಯಲ್ಲಿ ತರಚಿದ ಗಾಯ. ನೀವು ಗಾಬರಿಯಿಂದ, "ಯಾರು ಹೊಡೆದದ್ದು? ಪಕ್ಕದ ಮನೆಯ ಹುಡುಗನಾ?" ಎಂದು ಕೇಳುತ್ತೀರಿ. ಮಗು ಹೌದೆಂದು ತಲೆಯಾಡಿಸುತ್ತದೆ. ಸಂಜೆಯಾಗುವಷ್ಟರಲ್ಲಿ ಎರಡು ಮನೆಗಳ ನಡುವೆ ಮಾತು ನಿಂತಿರುತ್ತದೆ. ಸ್ವಲ್ಪ ಯೋಚಿಸಿ, ಆ ಹುಡುಗನ ಹೆಸರು ಮೊದಲು ಬಂದದ್ದು ಯಾರ ಬಾಯಿಯಿಂದ?

ಅಪರಾಧ ತನಿಖೆಯ ಬಗ್ಗೆ ಅಧ್ಯಯನ ನಡೆಸುವ ಮನಶ್ಶಾಸ್ತ್ರಜ್ಞರನ್ನು ಕಾಡಿದ್ದೂ ಇದೇ ಪ್ರಶ್ನೆ.

ನೆನಪು ಫೋಟೋ ಅಲ್ಲ

ಕಂಡದ್ದೆಲ್ಲ ಮನಸ್ಸಿನಲ್ಲಿ ಫೋಟೋದಂತೆ ಅಚ್ಚೊತ್ತಿರುತ್ತದೆ ಎಂಬುದು ನಮ್ಮ ನಂಬಿಕೆ. ವಾಸ್ತವದಲ್ಲಿ ನೆನಪಿಸಿಕೊಳ್ಳುವಾಗಲೆಲ್ಲ ಮನಸ್ಸು ಘಟನೆಯನ್ನು ಹೊಸದಾಗಿ ಜೋಡಿಸುತ್ತದೆ. ಆಗ, ಘಟನೆಯ ಬಳಿಕ ಕಿವಿಗೆ ಬಿದ್ದ ಮಾತುಗಳೂ ಅದರಲ್ಲಿ ಸೇರಿಕೊಳ್ಳಬಹುದು.

1974ರಲ್ಲಿ ಅಮೆರಿಕದ ಎಲಿಝಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿದರು. "ಕಾರುಗಳು ತಾಗಿದಾಗ ವೇಗ ಎಷ್ಟಿತ್ತು?" ಎಂದು 50 ಮಂದಿಯನ್ನು ಕೇಳಿದರು. ಬೇರೆ 50 ಮಂದಿಯೊಡನೆ 'ತಾಗಿದಾಗ' ಎಂಬುದರ ಬದಲು 'ಅಪ್ಪಳಿಸಿದಾಗ' ಎಂದರು. ಒಂದು ವಾರದ ನಂತರ, "ಒಡೆದ ಗಾಜು ಕಂಡಿರಾ?" ಎಂದು ವಿಚಾರಿಸಿದರು. ಮೊದಲ ಗುಂಪಿನಲ್ಲಿ 7 ಮಂದಿ, ಎರಡನೆಯದರಲ್ಲಿ 16 ಮಂದಿ ಹೌದೆಂದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ! ಅವರಾರೂ ಸುಳ್ಳುಗಾರರಲ್ಲ. ಪ್ರಶ್ನೆಯ ಒಂದು ಪದ ಕೆಲವರ ನೆನಪನ್ನೇ ಬದಲಿಸಿತ್ತು.

ಮುಖ ನೋಡಿ ಹೇಳಬಹುದೇ?

"ಮುಖ ನೋಡಿದರೆ ಸಾಕು, ಸುಳ್ಳು ಗೊತ್ತಾಗುತ್ತದೆ" ಎನ್ನುವವರು ಪ್ರತಿ ಮನೆಯಲ್ಲೂ ಇದ್ದಾರೆ. 24 ಸಾವಿರಕ್ಕೂ ಹೆಚ್ಚು ಜನರ ತೀರ್ಮಾನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಂತೆ, ಸುಳ್ಳು-ನಿಜ ಗುರುತಿಸುವುದರಲ್ಲಿ ಜನರು ಸರಿಯಾದದ್ದು ಸರಾಸರಿ ನೂರಕ್ಕೆ 54 ಬಾರಿ ಮಾತ್ರ. ನಾಣ್ಯ ಚಿಮ್ಮಿದರೂ 50 ಸಿಗುತ್ತದೆ. ಕಣ್ಣು ತಪ್ಪಿಸುವುದು, ತಡವರಿಸುವುದು, ಬೆವರುವುದು ಭಯದ ಲಕ್ಷಣವೂ ಹೌದು. ಮನೆಯಲ್ಲಿ ಉಂಗುರ ಕಾಣೆಯಾದಾಗ ಕೆಲಸದಾಕೆ ನಡುಗಿದರೆ, ಕಳ್ಳತನಕ್ಕಿಂತ ಕೆಲಸ ಹೋಗುವ ಭಯವೇ ಕಾರಣವಿರಬಹುದು.

ಸುಳ್ಳುಪತ್ತೆ ಯಂತ್ರ ಅಳೆಯುವುದೂ ಉಸಿರಾಟ, ರಕ್ತದೊತ್ತಡ, ಬೆವರನ್ನೇ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪು ನೀಡಿ, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಈ ಪರೀಕ್ಷೆಯನ್ನಾಗಲಿ, ಮಂಪರು ಪರೀಕ್ಷೆಯನ್ನಾಗಲಿ ನಡೆಸುವಂತಿಲ್ಲ ಎಂದಿತು.

ಮಕ್ಕಳ ವಿಷಯದಲ್ಲಿ

ಚಿಕ್ಕ ಮಕ್ಕಳು ದೊಡ್ಡವರನ್ನು ಮೆಚ್ಚಿಸಲು ಬಯಸುತ್ತಾರೆ. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರೆ, ಮೊದಲು ಹೇಳಿದ್ದು ತಪ್ಪಿರಬೇಕೆಂದು ಭಾವಿಸಿ ಉತ್ತರ ಬದಲಿಸಬಹುದು. ಹಾಗೆಂದು ಮಕ್ಕಳ ಮಾತನ್ನು ತಳ್ಳಿಹಾಕುವುದು ದೊಡ್ಡ ಅನ್ಯಾಯ. ಯಾರ ಒತ್ತಾಯವೂ ಇಲ್ಲದೆ ತಮ್ಮದೇ ಮಾತಿನಲ್ಲಿ ಹೇಳುವಾಗ ಅವರು ಕಡಿಮೆ ಹೇಳಿದರೂ ಸಾಮಾನ್ಯವಾಗಿ ಸರಿಯಾಗಿಯೇ ಹೇಳುತ್ತಾರೆ.

ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಮಗುವನ್ನು ವಿಚಾರಿಸುವ ರೀತಿಗೂ ನಿಯಮ ಹಾಕಿದೆ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಪೊಲೀಸರು ಸಮವಸ್ತ್ರದಲ್ಲಿರಬಾರದು. ತಂದೆ-ತಾಯಿ ಅಥವಾ ಮಗು ನಂಬುವವರು ಜೊತೆಗಿರಬೇಕು. ನ್ಯಾಯಾಲಯಕ್ಕೆ ಸಾಕ್ಷಿ ಹೇಳಲು ಪದೇ ಪದೇ ಕರೆಸಬಾರದು.

ನೀವೇನು ಮಾಡಬಹುದು?

* "ಅವನು ಹೊಡೆದನಾ?" ಎನ್ನಬೇಡಿ. "ಏನಾಯಿತು, ಹೇಳು" ಎನ್ನಿ.
* ಕೇಳಿದ ಮೇಲೆ ಸುಮ್ಮನಿರಿ. ಮಧ್ಯೆ ಬಾಯಿ ಹಾಕಬೇಡಿ. "ಆಮೇಲೆ?" ಎಂದರೆ ಸಾಕು.
* "ನನಗೆ ಗೊತ್ತಿಲ್ಲ" ಎಂಬುದೂ ಒಂದು ಉತ್ತರ. ಅದನ್ನು ಒಪ್ಪಿಕೊಳ್ಳಿ.
* ಹೆದರಿಸಿ, ಆಮಿಷ ಒಡ್ಡಿ ಕೇಳಬೇಡಿ. ಹಾಗೆ ಸಿಗುವುದು ನಿಮಗೆ ಬೇಕಾದ ಉತ್ತರವೇ ಹೊರತು ನಿಜವಲ್ಲ.
* ಮಗುವಿನ ಮೇಲೆ ದೌರ್ಜನ್ಯ ನಡೆದಿದೆಯೆಂಬ ಶಂಕೆಯಿದ್ದರೆ ಅದು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಡಿ. ಬಂಧುಗಳೆಲ್ಲ ಸರದಿಯಲ್ಲಿ ವಿಚಾರಿಸಲು ಬಿಡಬೇಡಿ. ತಡಮಾಡದೆ ಪೊಲೀಸರಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.

ಅವಸರದ ಒಂದು ಪ್ರಶ್ನೆಯಿಂದ ನಿರಪರಾಧಿಗೆ ಕಳಂಕ ಅಂಟಬಹುದು. ನಿಜವಾಗಿ ನೊಂದ ಮಗುವಿನ ಮಾತಿಗೂ ಮುಂದೆ ಬೆಲೆಯಿಲ್ಲದಂತಾಗಬಹುದು. ಆದ್ದರಿಂದ ಕೇಳುವ ಮೊದಲು ಒಂದು ಕ್ಷಣ ತಾಳಿ. ನಿಮ್ಮ ಮನಸ್ಸಿನಲ್ಲಿರುವ ಹೆಸರನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.