ಹಿಟ್ಟು ಉಬ್ಬಿಸುವ ಜೀವಿ ಪ್ರಾಣವನ್ನೂ ಉಳಿಸಬಲ್ಲದು

ಮೊನ್ನೆ ನಮ್ಮ ವಾಳೆಯ ಕೂಟ ಮುಗಿದ ಮೇಲೆ ಹಿರಿಯ ತಾಯಿಯೊಬ್ಬರು ನಮ್ಮನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು: "ಮಗಾ, ನಾನು ಚುಚ್ಚಿಕೊಳ್ಳುವ ಇನ್ಸುಲಿನ್ ಬ್ಯಾಕ್ಟೀರಿಯಾದಿಂದ ಮಾಡಿದ್ದಂತೆ, ಹೌದಾ? ರೋಗದ ಹುಳವನ್ನೇ ಮೈಗೆ ಬಿಟ್ಟುಕೊಂಡ ಹಾಗೆ ಆಗುವುದಿಲ್ಲವಾ?" ಯಾರೋ ಆಡಿದ ಮಾತಿಗೆ ಹೆದರಿ ಅವರು ಮೂರು ದಿನಗಳಿಂದ ಇಂಜೆಕ್ಷನ್ ತೆಗೆದುಕೊಂಡಿರಲಿಲ್ಲ. ಅಂದೇ ಅವರನ್ನು ವೈದ್ಯರ ಬಳಿಗೆ ಕಳುಹಿಸಿದೆವು. ಆದರೆ ಅವರ ಪ್ರಶ್ನೆ ನಮ್ಮ ಬಳಿಯೇ ಉಳಿಯಿತು. ಸಕ್ಕರೆ ಕಾಯಿಲೆಯವರು ಇಲ್ಲದ ಕುಟುಂಬ ಇಂದು ಅಪರೂಪ. ಆದ್ದರಿಂದ ಉತ್ತರವನ್ನು ಎಲ್ಲರೂ ಸೇರಿ ತಿಳಿದುಕೊಳ್ಳೋಣ.

ಸೂಕ್ಷ್ಮಜೀವಿಗಳು ನಮಗೆ ಹೊಸ ನೆಂಟರಲ್ಲ. ರಾತ್ರಿ ಹಾಲಿಗೆ ಹೆಪ್ಪು ಹಾಕಿದರೆ ಬೆಳಿಗ್ಗೆ ಮೊಸರು. ರುಬ್ಬಿಟ್ಟ ಹಿಟ್ಟು ಹುಳಿ ಬಂದರೆ ಇಡ್ಲಿ. ಹಬ್ಬದ ದಿನ ಕಳ್ಳು ಬೆರೆಸಿ ಉಬ್ಬಿಸಿದ ಸನ್ನ, ಬೇಕರಿಯ ಬನ್ನು, ಎಲ್ಲವೂ ಬ್ಯಾಕ್ಟೀರಿಯಾ ಮತ್ತು ಈಸ್ಟ್‌ಗಳ ದುಡಿಮೆಯೇ. ಎಲ್ಲ ಬ್ಯಾಕ್ಟೀರಿಯಾಗಳೂ ರೋಗ ತರುವುದಿಲ್ಲ ಎಂಬುದಕ್ಕೆ ನಮ್ಮ ಅಡುಗೆಮನೆಯೇ ಸಾಕ್ಷಿ.

ಹಂದಿ, ದನಗಳ ಗ್ರಂಥಿಯಿಂದ

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಇನ್ಸುಲಿನ್ ಅನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಲೆನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಮೊದಲ ಬಾರಿ ಕೊಡಲಾಯಿತು. ಸಾವಿನ ಬಾಗಿಲಲ್ಲಿದ್ದ ಆ ಹುಡುಗ ಮುಂದೆ 13 ವರ್ಷ ಬದುಕಿದ. ಔಷಧಿ ಎಲ್ಲರಿಗೂ ಸಿಗಲೆಂದು ಅದರ ಪೇಟೆಂಟನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದೇ ಡಾಲರಿಗೆ ಬಿಟ್ಟುಕೊಡಲಾಯಿತು.

ಅಂದಿನಿಂದ ಅರವತ್ತು ವರ್ಷಗಳ ಕಾಲ ಇನ್ಸುಲಿನ್ ಬರುತ್ತಿದ್ದುದು ಕಸಾಯಿಖಾನೆಗಳಿಂದ, ಹಂದಿ ಮತ್ತು ದನಗಳ ಮೇದೋಜೀರಕ ಗ್ರಂಥಿಯಿಂದ. ಸುಮಾರು 450 ಗ್ರಾಂ ಇನ್ಸುಲಿನ್ ಬೇಕಾದರೆ 3,600 ಕಿಲೋಗ್ರಾಂ ಗ್ರಂಥಿ ಬೇಕಿತ್ತು. ಅಷ್ಟಕ್ಕೆ 23,000ಕ್ಕೂ ಹೆಚ್ಚು ಪ್ರಾಣಿಗಳು! ಮನುಷ್ಯನ ಇನ್ಸುಲಿನ್‌ನಲ್ಲಿ 51 ಅಮೈನೋ ಆಮ್ಲಗಳಿವೆ. ಹಂದಿಯದು ಒಂದರಲ್ಲಿ, ದನದ್ದು ಮೂರರಲ್ಲಿ ಮಾತ್ರ ಭಿನ್ನ. ಆ ಸಣ್ಣ ವ್ಯತ್ಯಾಸದಿಂದಲೂ ಉಳಿದ ಕಲ್ಮಶದಿಂದಲೂ ಕೆಲವರಿಗೆ ಅಲರ್ಜಿಯಾಗುತ್ತಿತ್ತು. ರೋಗಿಗಳು ಹೆಚ್ಚಿದಂತೆ ಇಷ್ಟು ಗ್ರಂಥಿ ಎಲ್ಲಿಂದ ತರುವುದು ಎಂಬ ಚಿಂತೆಯೂ ಹೆಚ್ಚಿತು.

ಬ್ಯಾಕ್ಟೀರಿಯಾಕ್ಕೆ ಕಲಿಸಿದ ಹೊಸ ಕೆಲಸ

ಜೀನ್ ಅಥವಾ ವಂಶವಾಹಿ ಎಂದರೆ ಜೀವಕೋಶದೊಳಗಿನ ಒಂದು ಬರಹ ಎಂದುಕೊಳ್ಳೋಣ. ಯಾವ ಪ್ರೋಟೀನ್ ಹೇಗೆ ಮಾಡಬೇಕು ಎಂಬುದು ಅದರಲ್ಲಿರುತ್ತದೆ. ವಿಶೇಷವೆಂದರೆ, ಈ ಬರಹದ ಲಿಪಿ ಮನುಷ್ಯನಿಗೂ ಬ್ಯಾಕ್ಟೀರಿಯಾಕ್ಕೂ ಒಂದೇ. 1973ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬೋಯರ್, ಒಂದು ಜೀವಿಯ ಜೀನನ್ನು ಕತ್ತರಿಸಿ ಬ್ಯಾಕ್ಟೀರಿಯಾದೊಳಗೆ ಸೇರಿಸಿ ಕೆಲಸ ಮಾಡಿಸಬಹುದೆಂದು ತೋರಿಸಿದರು. ಬ್ಯಾಕ್ಟೀರಿಯಾದೊಳಗೆ ಪ್ಲಾಸ್ಮಿಡ್ ಎಂಬ ಡಿಎನ್‌ಎಯ ಪುಟ್ಟ ಬಳೆ ಇರುತ್ತದೆ. ಆ ಬಳೆಯನ್ನು ಕಿಣ್ವದಿಂದ ಕತ್ತರಿಸಿ, ನಡುವೆ ಬೇಕಾದ ಜೀನನ್ನು ಇಟ್ಟು, ಮತ್ತೆ ಬೆಸೆದು ಒಳಗೆ ಬಿಡುವುದು, ಇದೇ ಉಪಾಯ.

1978ರಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಈ ರೀತಿ ಮನುಷ್ಯನ ಇನ್ಸುಲಿನ್ ತಯಾರಿಸಿತು. ಅದಕ್ಕೆ ಬೇಕಾದ ಜೀನನ್ನು ಯಾವ ಮನುಷ್ಯನ ದೇಹದಿಂದಲೂ ಕಿತ್ತು ತಂದಿರಲಿಲ್ಲ, ಪ್ರಯೋಗಾಲಯದಲ್ಲಿ ರಾಸಾಯನಿಕವಾಗಿ ಜೋಡಿಸಿದ್ದರು. ಅನುಕೂಲ ಸಿಕ್ಕರೆ ಈ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ದೊಡ್ಡ ತೊಟ್ಟಿಯಲ್ಲಿ ಬೆಳೆಸಿದರೆ ಕೋಟಿಗಟ್ಟಲೆ ಕೆಲಸಗಾರರು ಸಿಕ್ಕಂತೆ! 1982ರಲ್ಲಿ ಈ ಇನ್ಸುಲಿನ್‌ಗೆ ಅಮೆರಿಕದಲ್ಲಿ ಮಾರಾಟದ ಅನುಮತಿ ಸಿಕ್ಕಿತು.

ನಮ್ಮ ನೆರೆಯಲ್ಲೇ ಈಸ್ಟ್

ಮುಂದೆ ಈ ಕೆಲಸಕ್ಕೆ ಬೇಕರಿಯ ಈಸ್ಟ್ ಕೂಡ ಬಂತು. ತಯಾರಿಸಿದ ಪ್ರೋಟೀನನ್ನು ಹೊರಕ್ಕೆ ಸ್ರವಿಸುವಂತೆ ಈಸ್ಟ್ ಅನ್ನು ಸಜ್ಜುಗೊಳಿಸಬಹುದು, ಆದ್ದರಿಂದ ಶುದ್ಧೀಕರಣ ಸುಲಭ. ಬೆಂಗಳೂರಿನ ಬಯೋಕಾನ್ ಪಿಕಿಯಾ ಎಂಬ ಈಸ್ಟ್‌ನಿಂದ ಇನ್ಸುಲಿನ್ ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕೂ ಮೊದಲು, 1997ರಲ್ಲಿ, ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಹೆಪಟೈಟಿಸ್-ಬಿ ಲಸಿಕೆಯನ್ನು ಈಸ್ಟ್‌ನಿಂದಲೇ ತಯಾರಿಸಿತ್ತು. ವಿದೇಶದಿಂದ ಬರುತ್ತಿದ್ದಾಗ ಬಡವರ ಕೈಗೆಟುಕದಿದ್ದ ಲಸಿಕೆಯ ಬೆಲೆ ಆಮೇಲೆ ಬಹಳ ಇಳಿಯಿತು. ಐದು ರೋಗಗಳಿಗೆ ಒಂದೇ ಚುಚ್ಚುಮದ್ದಾದ ಪೆಂಟಾವಲೆಂಟ್ ಲಸಿಕೆಯಲ್ಲಿ ಹೆಪಟೈಟಿಸ್-ಬಿಯೂ ಸೇರಿದೆ. ಸರಕಾರ ಅದನ್ನು 2011ರ ಡಿಸೆಂಬರಿನಲ್ಲಿ ಮೊದಲು ಆರಂಭಿಸಿದ್ದು ಕೇರಳ ಮತ್ತು ತಮಿಳುನಾಡಿನಲ್ಲಿ. ಅಂದರೆ ಕಾಸರಗೋಡಿನ, ತಾಳವಾಡಿಯ ಎಷ್ಟೋ ಮಕ್ಕಳ ತೊಡೆಗೆ ಚುಚ್ಚಿದ ಆ ಮದ್ದಿನಲ್ಲಿ ಈಸ್ಟ್‌ನ ದುಡಿಮೆಯಿದೆ.

ಬೂಷ್ಟು ಕೂಡ ಹಿಂದುಳಿದಿಲ್ಲ. 1988ರಲ್ಲಿ ಬಟ್ಟೆಯ ಎಣ್ಣೆ ಕಲೆ ತೆಗೆಯುವ ಕಿಣ್ವವೊಂದನ್ನು ಜೀನ್ ಬದಲಿಸಿದ ಶಿಲೀಂಧ್ರದಿಂದ ಪಡೆದು ಸೋಪಿನ ಪುಡಿಗೆ ಸೇರಿಸಿದರು. ಚೀಸ್ ಮಾಡಲು ಹಾಲು ಒಡೆಸುವ ಕಿಣ್ವಕ್ಕಾಗಿ ಹಿಂದೆ ಎಳೆಗರುವಿನ ಜಠರ ಬೇಕಿತ್ತು. 1990ರಿಂದ ಅದನ್ನೂ ಸೂಕ್ಷ್ಮಜೀವಿಗಳಿಂದ ಪಡೆಯುತ್ತಿದ್ದಾರೆ.

ಹೆದರಬೇಕೇ?

ತಾಯಿಯ ಪ್ರಶ್ನೆಗೆ ಈಗ ಉತ್ತರ: ಸೀಸೆಯಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲ. ಅದು ಮುಚ್ಚಿದ ತೊಟ್ಟಿಯಲ್ಲಿ ಕೆಲಸ ಮುಗಿಸುತ್ತದೆ. ಅನಂತರ ಇನ್ಸುಲಿನ್ ಅನ್ನು ಬೇರ್ಪಡಿಸಿ, ಹಲವು ಹಂತಗಳಲ್ಲಿ ಶುದ್ಧಗೊಳಿಸಿ, ಪರೀಕ್ಷಿಸಿ ತುಂಬುತ್ತಾರೆ. ಕೈಗೆ ಬರುವುದು ನಮ್ಮ ದೇಹ ತಾನೇ ತಯಾರಿಸಬೇಕಾಗಿದ್ದ ಪ್ರೋಟೀನ್. ಹಾಗೆಂದು ಎಚ್ಚರವೇ ಬೇಡವೆಂದಲ್ಲ. ಜೀನ್ ಬದಲಿಸಿದ ಜೀವಿ ಹೊರಗೆ ಹರಡಬಾರದು. ಅದಕ್ಕಾಗಿ ನಮ್ಮ ದೇಶದಲ್ಲಿ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ನಿಯಮಗಳಾಗಿವೆ. ಅವು ಕಾಗದದಲ್ಲೇ ಉಳಿಯದಂತೆ ಕೇಳುವ ಹಕ್ಕು ನಮಗೂ ಇದೆ.

ಇನ್ನೊಂದು ನೋವಿನ ಸಂಗತಿ. ಒಂದು ಡಾಲರಿಗೆ ಬಿಟ್ಟುಕೊಟ್ಟ ಔಷಧಿಯನ್ನು ಇಂದಿಗೂ ಕೊಳ್ಳಲಾಗದೆ ಅರ್ಧ ಡೋಸ್‌ನಲ್ಲಿ ದಿನ ದೂಡುವವರು ನಮ್ಮ ನಡುವೆಯೇ ಇದ್ದಾರೆ. ವಿಜ್ಞಾನ ತೊಟ್ಟಿ ತುಂಬಿಸಿತು, ಹಂಚುವ ಕೆಲಸ ಮಾತ್ರ ಮನುಷ್ಯರದ್ದೇ. ನೆರೆಮನೆಯಲ್ಲಿ ಹೀಗೆ ನರಳುವವರಿದ್ದರೆ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಲು ನಾವು ಜೊತೆಗೆ ಹೋಗೋಣ.

ಮನೆಯಲ್ಲಿ ನೆನಪಿಡೋಣ

ವೈದ್ಯರನ್ನು ಕೇಳದೆ ಇನ್ಸುಲಿನ್ ನಿಲ್ಲಿಸಬಾರದು, ಹೆಚ್ಚು ಕಡಿಮೆ ಮಾಡಬಾರದು.

ತೆರೆಯದ ಸೀಸೆಯನ್ನು ಫ್ರಿಜ್ಜಿನಲ್ಲಿಡಿ, ಆದರೆ ಮಂಜುಗಟ್ಟುವ ಖಾನೆಯಲ್ಲಿ ಬೇಡ. ಒಮ್ಮೆ ಮಂಜುಗಟ್ಟಿದ್ದನ್ನು ಬಳಸಬಾರದು. ಫ್ರಿಜ್ ಇಲ್ಲದವರಿಗೆ ನೀರಿನಿಂದ ತಂಪಾದ ಮಣ್ಣಿನ ಮಡಕೆಯೂ ಆಸರೆ.

ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್, ಎರಡು ಬಗೆಯ ಇನ್ಸುಲಿನ್ ಇದೆ, ಸಿರಿಂಜೂ ಬೇರೆ ಬೇರೆ. 100ರದ್ದನ್ನು 40ರ ಸಿರಿಂಜಿನಲ್ಲಿ ಅದೇ ಗೆರೆಗೆ ಎಳೆದರೆ ಎರಡೂವರೆ ಪಟ್ಟು ಮದ್ದು ಮೈಸೇರಿ ಪ್ರಾಣಕ್ಕೇ ಕುತ್ತು.

ಗಡಿನಾಡಿನ ನಮ್ಮ ಹಿರಿಯರಿಗೆ ಅಂಗಡಿಯವರು ಮಲಯಾಳದಲ್ಲೋ ತಮಿಳಿನಲ್ಲೋ ಹೇಳಿದ್ದು ಅರ್ಧವೇ ಅರ್ಥವಾಗಿರಬಹುದು. ಮಕ್ಕಳು, ಮೊಮ್ಮಕ್ಕಳು ಒಂದು ಚೀಟಿಯಲ್ಲಿ ಕನ್ನಡದಲ್ಲಿ ದೊಡ್ಡಕ್ಷರದಿಂದ ಬರೆದು ಫ್ರಿಜ್ಜಿಗೆ ಅಂಟಿಸಿದರೆ ಅದೇ ದೊಡ್ಡ ಸೇವೆ.

ಕಳೆದ ಭಾನುವಾರ ಆ ತಾಯಿ ಮತ್ತೆ ಸಿಕ್ಕಿದರು. ಇಂಜೆಕ್ಷನ್ ಮತ್ತೆ ಶುರುವಾಗಿದೆ. ಇದನ್ನೆಲ್ಲ ವಿವರಿಸಿದಾಗ ನಕ್ಕು ಹೇಳಿದರು: "ಸನ್ನ ಉಬ್ಬಿಸುವವನೇ ನನಗೆ ಮದ್ದು ಮಾಡುವುದಾ? ಮೊದಲೇ ಹೇಳಬಾರದಿತ್ತಾ!" ಅವರ ಮಾತು ನಿಜ. ನಾವು ಮೊದಲೇ ಹೇಳಬೇಕಿತ್ತು.