ಕ್ಯಾಥ್ ಲ್ಯಾಬ್‌ನಲ್ಲಿ ನಿಮಿಷ ಉಳಿಸೋದು ಹೇಗೆ?

ತೀವ್ರ ಹೃದಯಾಘಾತವಾದ ರೋಗಿ ಆಸ್ಪತ್ರೆಯ ಬಾಗಿಲು ದಾಟಿದ 90 ನಿಮಿಷದೊಳಗೆ, ಮುಚ್ಚಿಹೋದ ರಕ್ತನಾಳವನ್ನು ಕ್ಯಾಥ್ ಲ್ಯಾಬ್‌ನಲ್ಲಿ (ರಕ್ತನಾಳದೊಳಗೆ ತೆಳು ಕೊಳವೆ ತೂರಿಸಿ ಹೃದಯಕ್ಕೆ ಚಿಕಿತ್ಸೆ ಕೊಡುವ ಕೊಠಡಿ) ಬಲೂನ್ ಹಾಕಿ ತೆರೆಯಬೇಕು. ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ.

ಎಷ್ಟೋ ಸಲ ಸಮಯ ಪೋಲಾಗೋದು ಬಲೂನ್ ಹಾಕುವ ಮೊದಲೇ: ಇಸಿಜಿಗೆ ಕಾಯುತ್ತಾ, ಒಬ್ಬರಾದ ಮೇಲೆ ಒಬ್ಬರಿಗೆ ಫೋನ್ ಮಾಡುತ್ತಾ.

ಇದನ್ನು ತಪ್ಪಿಸಲು 2006ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಕಾರ್ಡಿಯಾಲಜಿ ಒಂದು ಅಭಿಯಾನ ಶುರು ಮಾಡಿತು. ಅದರ ಮುಖ್ಯ ಸೂತ್ರಗಳು ಇವು.

ಒಂದು: ತುರ್ತು ವಿಭಾಗದ ವೈದ್ಯರೇ ಕ್ಯಾಥ್ ಲ್ಯಾಬ್ ಸಜ್ಜು ಮಾಡಿಸಲಿ.

ಎರಡು: ಒಂದೇ ಕರೆಗೆ ಇಡೀ ತಂಡಕ್ಕೆ ಸುದ್ದಿ ಮುಟ್ಟಲಿ.

ಮೂರು: 20ರಿಂದ 30 ನಿಮಿಷದಲ್ಲಿ ತಂಡ ಸಿದ್ಧವಾಗಲಿ.

ನಾಲ್ಕು: ಎಲ್ಲಿ ಎಷ್ಟು ನಿಮಿಷ ಹೋಯ್ತು ಅನ್ನೋ ಲೆಕ್ಕ ತಂಡಕ್ಕೆ ಬೇಗ ಸಿಗಲಿ.

ಇದ್ಯಾವುದಕ್ಕೂ ದುಬಾರಿ ಯಂತ್ರ ಬೇಕಿಲ್ಲ, ಶಿಸ್ತು ಸಾಕು.

ಮೊದಲೇ ಗೊತ್ತುಮಾಡಿದ ಆಂಜಿಯೋಗ್ರಾಂಗೂ ಇದೇ ಮಾತು. ರಕ್ತಪರೀಕ್ಷೆ, ಒಪ್ಪಿಗೆ ಪತ್ರ ಹಿಂದಿನ ದಿನವೇ ಮುಗಿದಿರಲಿ. ಸ್ಟೆಂಟ್, ಕ್ಯಾತಿಟರ್‌ಗಳ ದಾಸ್ತಾನನ್ನು ಸಿಬ್ಬಂದಿ ದಿನವೂ ನೋಡಿಕೊಳ್ಳಲಿ. ಬೆಳಗಿನ ಮೊದಲ ಕೇಸ್ ತಡವಾದರೆ ಸಂಜೆಯವರೆಗಿನ ಎಲ್ಲ ಕೇಸ್‌ಗಳೂ ತಡವಾಗುತ್ತವೆ.

ಆಸ್ಪತ್ರೆ ತಲುಪುವ ಮೊದಲು ನಿಮ್ಮ ಪಾಲಿನ ಕೆಲಸವೂ ಇದೆ. ಎದೆನೋವನ್ನು ಗ್ಯಾಸ್ ಅಂತ ತಳ್ಳಿಹಾಕಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.