ಹೆರಿಗೆಯ ರಕ್ತಸ್ರಾವ: ಕಣ್ಣಂದಾಜು ಸಾಲದು

ಮಗು ಅತ್ತಿತು, ಹೊರಗೆ ಕಾದಿದ್ದವರ ಕೈಗೆ ಬಂತು ಎಂದರೆ ನಮ್ಮ ಪಾಲಿಗೆ ಹೆರಿಗೆ ಮುಗಿದ ಹಾಗೆ. ಒಬ್ಬರು ಪೇಢಾ ತರಲು ಓಡುತ್ತಾರೆ, ಇನ್ನೊಬ್ಬರು ಊರಿಗೆಲ್ಲ ಫೋನು ಮಾಡುತ್ತಾರೆ. ವೈದ್ಯರ ಲೆಕ್ಕ ಬೇರೆ. ತಾಯಿಯ ಮೇಲೆ ಅತಿ ಹೆಚ್ಚು ಕಣ್ಣಿಡಬೇಕಾದ ಹೊತ್ತು ಶುರುವಾಗುವುದೇ ಆಗ. ಹೆರಿಗೆಯ ನಂತರದ ಅತಿ ರಕ್ತಸ್ರಾವ ಇಂದಿಗೂ ಜಗತ್ತಿನಲ್ಲಿ ತಾಯಂದಿರ ಸಾವಿನ ಮುಖ್ಯ ಕಾರಣಗಳಲ್ಲಿ ಮೊದಲ ಸಾಲಿನಲ್ಲಿದೆ. ಅದರಲ್ಲಿ ಹೆಚ್ಚಿನ ಸಾವುಗಳನ್ನು ತಡೆಯಬಹುದು ಎಂಬುದೂ ಅಷ್ಟೇ ನಿಜ.

ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಗು ಹೊರಬಂದ ಮೇಲೆ ಮಾಸು ಕಳಚಿಕೊಳ್ಳುತ್ತದೆ. ಅದು ಅಂಟಿಕೊಂಡಿದ್ದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದೇ ಉಳಿಯುತ್ತದೆ. ಕೈಗೆ ಗಾಯವಾದರೆ ರಕ್ತ ಹೆಪ್ಪುಗಟ್ಟಿ ನಿಲ್ಲುತ್ತದೆ. ಇಲ್ಲಿ ಅದಕ್ಕಾಗಿ ಕಾದು ಕೂರುವಷ್ಟು ವ್ಯವಧಾನವಿಲ್ಲ. ಅದಕ್ಕೆ ದೇಹ ಬೇರೆಯದೇ ಉಪಾಯ ಇಟ್ಟುಕೊಂಡಿದೆ. ಗರ್ಭಕೋಶದ ಸ್ನಾಯುವಿನ ಎಳೆಗಳು ಅಡ್ಡಡ್ಡ ಹೆಣೆದುಕೊಂಡಿರುತ್ತವೆ, ರಕ್ತನಾಳಗಳು ಅವುಗಳ ನಡುವೆಯೇ ಹಾದುಹೋಗುತ್ತವೆ. ಗರ್ಭಕೋಶ ಬಿಗಿದುಕೊಂಡಾಗ ಒಂದೊಂದು ಎಳೆಯೂ ಹಗ್ಗದ ಕುಣಿಕೆಯ ಹಾಗೆ ನಾಳವನ್ನು ಹಿಸುಕಿ ಮುಚ್ಚುತ್ತದೆ. ಹೆರಿಗೆಯಾದ ಮೇಲೆ ನರ್ಸ್ ಮತ್ತೆ ಮತ್ತೆ ಬಂದು ಹೊಟ್ಟೆ ಒತ್ತಿ ನೋಡುವುದು ಇದನ್ನೇ. ಕೈಗೆ ಗಟ್ಟಿ ಉಂಡೆ ಸಿಕ್ಕರೆ ನೆಮ್ಮದಿ, ಮೆತ್ತಗಿದ್ದರೆ ಆತಂಕ.

ಅತಿ ರಕ್ತಸ್ರಾವದ ಬಹುಪಾಲು ಪ್ರಕರಣಗಳಿಗೆ ಮೂಲ ಈ ಮೆತ್ತಗಿನ ಗರ್ಭಕೋಶವೇ. ಅವಳಿ ಮಕ್ಕಳಿದ್ದರೆ, ಮಗು ದೊಡ್ಡದಿದ್ದರೆ, ನೋವು ಬಹಳ ಹೊತ್ತು ಎಳೆದರೆ ಸ್ನಾಯು ದಣಿದು ಸಡಿಲವಾಗುತ್ತದೆ. ಮೂತ್ರಕೋಶ ತುಂಬಿದ್ದರೂ ಗರ್ಭಕೋಶ ಸರಿಯಾಗಿ ಬಿಗಿಯಲಾರದು. ಬಾಣಂತಿಗೆ ಮೂತ್ರ ಮಾಡಿಸುವುದು ಸಣ್ಣ ಕೆಲಸವೆಂದು ಕಂಡರೂ ಪ್ರಾಣಕ್ಕೆ ಸಂಬಂಧಿಸಿದ್ದು. ಮಗುವನ್ನು ಬೇಗ ಎದೆಗೆ ಹಾಕಿದರೆ ಹಾಲು ಕುಡಿಯುವಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೊಮ್ಮಿ ಗರ್ಭಕೋಶವನ್ನು ಬಿಗಿಸುತ್ತದೆ. ಹೆರಿಗೆಯಾದ ಕೂಡಲೇ ಆಸ್ಪತ್ರೆಯಲ್ಲಿ ಕೊಡುವ 10 ಯೂನಿಟ್ಟಿನ ಚುಚ್ಚುಮದ್ದೂ ಇದೇ ಆಕ್ಸಿಟೋಸಿನ್.

ಈ ಔಷಧಿಗೆ ಒಂದು ತೊಡಕಿದೆ. 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡದಿದ್ದರೆ ಶಕ್ತಿ ಕಳೆದುಕೊಳ್ಳುತ್ತದೆ. ಕರೆಂಟು ಹೋಗಿ ಬರುವ ಹಳ್ಳಿಯಲ್ಲಿ, ಮನೆಯಲ್ಲೇ ಹೆರಿಗೆಯಾಗುವಲ್ಲಿ ಏನು ಮಾಡಬೇಕು? ಇದಕ್ಕೆ ಜಗತ್ತೇ ಗಮನಿಸಿದ ಉತ್ತರವೊಂದು ಬಂದದ್ದು ಬೆಳಗಾವಿ ಜಿಲ್ಲೆಯಿಂದ. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ 1,620 ಹೆಂಗಸರ ಮೇಲೆ ಅಧ್ಯಯನ ನಡೆಸಿದರು. ಹೆರಿಗೆ ಮಾಡಿಸಿದವರು ಹಳ್ಳಿಯ ಸಹಾಯಕ ನರ್ಸ್‌ಗಳು. ಕೊಟ್ಟದ್ದು ತಂಪು ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆ. ಅರ್ಧದಷ್ಟು ಮಂದಿಗೆ ನಿಜವಾದ ಮಾತ್ರೆ, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ. ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. ವೈದ್ಯರಿಲ್ಲದ ಕಡೆ ನರ್ಸ್ ಕೈಗೆ ಔಷಧಿ ಕೊಡುವುದೇ ಎಂದು ಹಿಂದೆಮುಂದೆ ನೋಡುತ್ತಿದ್ದವರಿಗೆ ಇದಕ್ಕಿಂತ ಗಟ್ಟಿ ಜವಾಬು ಬೇಕಿರಲಿಲ್ಲ. ಈ ಮಾತ್ರೆಯನ್ನು ಮನೆಯವರು ತಾವಾಗಿ ತಂದು ಕೊಡುವಂತಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಮಗು ಹುಟ್ಟುವ ಮೊದಲು ತಪ್ಪಾಗಿ ಕೊಟ್ಟರೆ ಗರ್ಭಕೋಶವೇ ಹರಿಯಬಹುದು.

ಅದೇ ಬೆಳಗಾವಿಯ ಅಧ್ಯಯನದಲ್ಲಿ ಬಳಸಿದ ಇನ್ನೊಂದು ವಸ್ತುವಿನ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ. ತಾಯಿಯ ಸೊಂಟದ ಕೆಳಗೆ ಹಾಸುವ, ತುದಿಯಲ್ಲಿ ಆಲಿಕೆಯ ಆಕಾರದ ಚೀಲವಿರುವ ಪ್ಲಾಸ್ಟಿಕ್ ಹಾಳೆ ಅದು. ಚೀಲದ ಮೇಲೆ ಅಳತೆಯ ಗೆರೆಗಳು. ಎಷ್ಟು ರಕ್ತ ಹೋಯಿತು ಎಂದು ಅದುವರೆಗೆ ಕಣ್ಣಂದಾಜಿನಲ್ಲಿ ಬರೆದುಕೊಳ್ಳುತ್ತಿದ್ದರು. ಬಟ್ಟೆ ಹೀರಿದ್ದು, ನೆಲಕ್ಕೆ ಹರಿದದ್ದು, ನೀರು ಬೆರೆತದ್ದು ಯಾರಿಗೆ ಸರಿಯಾಗಿ ತಿಳಿಯಬೇಕು? ಚೀಲದ ಅಳತೆಗೆ ಹೋಲಿಸಿದಾಗ ಕಣ್ಣಂದಾಜು ಮೂರನೇ ಒಂದು ಭಾಗದಷ್ಟು ಕಡಿಮೆ ಹೇಳುತ್ತಿತ್ತು.

2023ರಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ನಡೆದ ‘ಇ-ಮೋಟಿವ್’ ಅಧ್ಯಯನದ ಫಲಿತಾಂಶ ಬಂತು. ಅಲ್ಲಿ ಅಳತೆಯ ಚೀಲ ಹಾಸಿದರು. ಗೆರೆ ದಾಟಿದ ಕೂಡಲೇ ಗರ್ಭಕೋಶ ತಿಕ್ಕುವುದು, ಆಕ್ಸಿಟೋಸಿನ್, ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ತಪಾಸಣೆ ಎಲ್ಲವನ್ನೂ ಒಂದರ ಹಿಂದೊಂದಾಗಿ ಕಾಯದೆ ಒಟ್ಟಿಗೇ ಶುರು ಮಾಡಿದರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಶಸ್ತ್ರಚಿಕಿತ್ಸೆ ಅಥವಾ ಸಾವು ಇವುಗಳ ಒಟ್ಟು ಪ್ರಮಾಣ ನೂರಕ್ಕೆ 4.3 ಇದ್ದದ್ದು 1.6ಕ್ಕೆ ಬಂತು. ಹೊಸ ಔಷಧಿ ಒಂದೂ ಇಲ್ಲ! ಇದ್ದದ್ದನ್ನೇ ಅಳೆದು, ಹೊತ್ತಿಗೆ ಸರಿಯಾಗಿ ಕೊಟ್ಟರು. ಟ್ರಾನೆಕ್ಸಾಮಿಕ್ ಆಮ್ಲವಂತೂ ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ 1960ರ ದಶಕದಲ್ಲೇ ಕಂಡುಹಿಡಿದದ್ದು. ಹೆರಿಗೆಯ ರಕ್ತಸ್ರಾವದಲ್ಲಿ ಅದು ಜೀವ ಉಳಿಸುತ್ತದೆಂದು ದೊಡ್ಡ ಪರೀಕ್ಷೆಯಿಂದ ಸಾಬೀತಾಗಲು 2017ರವರೆಗೆ ಕಾಯಬೇಕಾಯಿತು. ಹೆಂಗಸರ ಕಾಯಿಲೆಗಳಿಗೆ ವಿಜ್ಞಾನ ಯಾಕೆ ಇಷ್ಟು ತಡವಾಗಿ ಬರುತ್ತದೋ!

ಅರ್ಧ ಲೀಟರ್ ರಕ್ತ ಹೋದರೆ ಅತಿ ರಕ್ತಸ್ರಾವ ಎಂಬುದು ಹಳೆಯ ಗೆರೆ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಲ್ಲಿಯವರೆಗೂ ಕಾಯಬೇಡಿ ಎಂದಿತು: 300 ಮಿಲಿಲೀಟರ್ ದಾಟಿ, ನಾಡಿ ಅಥವಾ ರಕ್ತದೊತ್ತಡ ಏರುಪೇರಾದರೆ ಚಿಕಿತ್ಸೆ ಆರಂಭಿಸಬೇಕು. ಅರ್ಧ ಲೀಟರ್ ನಷ್ಟ ಎಲ್ಲರಿಗೂ ಒಂದೇ ಅಲ್ಲವಲ್ಲ. ರಕ್ತ ಚೆನ್ನಾಗಿರುವವಳು ಅದನ್ನು ತಡೆದುಕೊಳ್ಳುತ್ತಾಳೆ. ರಕ್ತಹೀನತೆಯಿರುವವಳು ಕುಸಿಯುತ್ತಾಳೆ; ರಕ್ತಸ್ರಾವವಾಗುವ ಸಾಧ್ಯತೆಯೂ ಆಕೆಗೇ ಹೆಚ್ಚು.

ಬಸಿರಿನಲ್ಲಿ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಕೆಂಪು ಕಣಗಳಿಗಿಂತ ನೀರಿನಂಶ ಜಾಸ್ತಿ ಹೆಚ್ಚುವುದರಿಂದ ಹಿಮೋಗ್ಲೋಬಿನ್ ಸ್ವಲ್ಪ ಇಳಿಯುವುದು ಸಹಜ. 11 ಗ್ರಾಂಗಿಂತ ಕೆಳಗಿಳಿದರೆ ಮಾತ್ರ ರಕ್ತಹೀನತೆ; 7ಕ್ಕಿಂತ ಕೆಳಗೆ ತೀವ್ರ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆಯಿತ್ತು. ಆಶಾ ಕಾರ್ಯಕರ್ತೆ ತಂದುಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, ಜೊತೆಗೆ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿಂದ ಕನಿಷ್ಠ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ನುಂಗಬೇಕು. ಮಲ ಕಪ್ಪಾಗುತ್ತದೆ, ಕೆಲವರಿಗೆ ಹೊಟ್ಟೆ ಕಟ್ಟುತ್ತದೆ ಎಂದು ಡಬ್ಬಿಯಲ್ಲೇ ಉಳಿಯುವ ಮಾತ್ರೆಗಳಿಗೆ ಲೆಕ್ಕವಿಲ್ಲ. ಮಲ ಕಪ್ಪಾಗುವುದರಿಂದ ತೊಂದರೆಯೇನಿಲ್ಲ. ಚಹಾ, ಕಾಫಿ, ಕ್ಯಾಲ್ಸಿಯಂ ಮಾತ್ರೆಗಳ ಜೊತೆ ನುಂಗಿದರೆ ಕಬ್ಬಿಣ ಮೈಗೆ ಹತ್ತದು. ನಿಂಬೆ ಪಾನಕದ ಜೊತೆ ಚೆನ್ನಾಗಿ ಹತ್ತುತ್ತದೆ. ನುಂಗಲು ಆಗುತ್ತಲೇ ಇಲ್ಲವೆಂದರೆ, ಇಲ್ಲವೇ ಹೆರಿಗೆ ಹತ್ತಿರವಿದ್ದೂ ಹಿಮೋಗ್ಲೋಬಿನ್ ಏರದಿದ್ದರೆ, ಆಸ್ಪತ್ರೆಯಲ್ಲಿ ರಕ್ತನಾಳಕ್ಕೇ ಕಬ್ಬಿಣಾಂಶ ಕೊಡುವ ದಾರಿಯಿದೆ.

ಬಾಣಂತಿಗೆ ನೀರು ಕೊಡಬಾರದು, ಸೊಪ್ಪು ನಂಜು ಎಂಬ ಪಥ್ಯವನ್ನು ಈಗಲಾದರೂ ಬಿಡೋಣ. ರಕ್ತ ಕಳೆದುಕೊಂಡ ಮೈಗೆ ಬೇಕಿರುವುದೇ ಅವೆರಡು. ಮನೆಗೆ ಬಂದ ಮೇಲೂ ಒಂದು ಗಂಟೆಯೊಳಗೆ ಪ್ಯಾಡು ತೊಯ್ದು ಹೋದರೆ, ದೊಡ್ಡ ಗಡ್ಡೆಗಳು ಬಿದ್ದರೆ, ತಣ್ಣನೆ ಬೆವರಿ ಕಣ್ಣು ಕತ್ತಲೆ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಹೆರಿಗೆಯಾಗಿ ಆರು ವಾರದವರೆಗೂ ಹೀಗಾಗಬಹುದು.

ಮನೆಯಲ್ಲಿ ಬಸುರಿಯಿದ್ದರೆ ಏಳು ತುಂಬುವ ಹೊತ್ತಿಗೆ ತಾಯಿ ಕಾರ್ಡ್ ತೆಗೆದು ಹಿಮೋಗ್ಲೋಬಿನ್ ಎಷ್ಟಿದೆ, ರಕ್ತದ ಗುಂಪು ಯಾವುದು ಎಂದು ನೋಡಿ. ಹತ್ತಿರದಲ್ಲಿ ರಕ್ತ ಸಿಗುವ ಆಸ್ಪತ್ರೆ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಳ್ಳಿ. ಅದೇ ಗುಂಪಿನ ಇಬ್ಬರಿಗೆ ಮೊದಲೇ ಹೇಳಿಡಿ. 108 ಆಂಬುಲೆನ್ಸ್‌ಗೆ ದುಡ್ಡು ಕೊಡಬೇಕಿಲ್ಲ.